ದೊರೆಯ ಮೇಜಿನ ನಾಲ್ಕನೆಯ ಕಾಲು

ಉಗುರು ಮೇಸ್ತ್ರಿಯನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಅವರ ಎರಡು ಪಾದಗಳು ಮಾತ್ರ. ಮಿಕ್ಕ ಮೇಸ್ತ್ರಿ ಮೇಜಿನ ಅಡಿಯಲ್ಲಿದ್ದರು. ಆ ಪಾದಗಳಿಗೇ ನನ್ನ ಪರಿಚಯ ಹೇಳಿಕೊಂಡೆ. ಅಡಿಯಿಂದ ಉತ್ತರ ಬಂತು.

"ಮಗೂನ ಸ್ವಲ್ಪ ಹಿಂದಕ್ಕೆ ಕರ್ಕೊಳಿ ತಾಯಿ, ಇಲ್ಲಿ ಉಳಿ ಬಿದ್ದಿದೆ."

ಮಗಳನ್ನು ಎತ್ತಿಕೊಂಡು ಹಿಂದೆ ಸರಿದವಳು ಬೆನ್ನಿಗೆ ಗೋಡೆ ತಾಗುವವರೆಗೂ ನಿಲ್ಲಲಿಲ್ಲ. ಒಂದೂವರೆ ವರ್ಷದ ಮಗು ಇರುವವಳ ಕಿವಿಗೆ 'ಉಳಿ' ಎಂಬ ಪದ ಹೇಗೆ ಬೀಳುತ್ತದೆ ಎಂಬುದು ಆ ವಯಸ್ಸಿನ ಮಗು ಇರುವವರಿಗೇ ಗೊತ್ತು.

ನಾನು ಅಂಗಡಿಗಳ ಒಳಾಂಗಣ ವಿನ್ಯಾಸ ಮಾಡುವವಳು. ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ, ಒಂದು ಸಲ ಹಲ್ಲಿನ ಡಾಕ್ಟರರ ಕಾಯುವ ಕೋಣೆ. ಮಗಳು ಹುಟ್ಟಿದ ಮೇಲೆ ಸಿಕ್ಕ ಮೊದಲ ಕೆಲಸ ಈ ಗ್ರಂಥಾಲಯದ್ದು. ಹೊರಗಿನಿಂದ ಬಂದು ನಮ್ಮನ್ನು ಆಳಿದವರು ಏನೇನು ಹೊತ್ತುಕೊಂಡು ಹೋದರು, ಏನೇನು ನಮ್ಮ ತಲೆಯ ಮೇಲೆ ಬಿಟ್ಟು ಹೋದರು ಎಂಬುದರ ಮೇಲೆ ಬಂದ ನಾನೂರ ಹನ್ನೆರಡು ಪುಸ್ತಕಗಳನ್ನು ಗ್ರಂಥಾಲಯದವರು ಕೂಡಿಸಿದ್ದರು. ತೆರಿಗೆ, ನಕ್ಷೆ, ರೈಲು, ಶಾಲೆ, ಕಾಡು, ಜೈಲು, ಎಲ್ಲದಕ್ಕೂ ಒಂದೊಂದು ಕಟ್ಟು. ಬೀರುವಿನಲ್ಲಿಟ್ಟರೆ ಗೆದ್ದಲು ಮಾತ್ರ ಓದುತ್ತದೆ, ಒಳಗೆ ಕಾಲಿಟ್ಟವರಿಗೆ ಕೂತು ಓದಬೇಕು ಅನ್ನಿಸುವ ಹಾಗೆ ಒಂದು ಕೋಣೆಯನ್ನೇ ಕಲಾಕೃತಿಯಂತೆ ಕಟ್ಟಿಕೊಡಿ ಎಂದು ಅಲ್ಲಿನ ಮುಖ್ಯಸ್ಥೆ ನನ್ನನ್ನು ಕರೆದರು. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಾರೆ. ಚಿಕ್ಕ ಮೇಡಂ ಅಂತ ಯಾರೂ ಇಲ್ಲ.

ಕಟ್ಟಡ ಒಂದು ಕಾಲಕ್ಕೆ ಆಳುವವರ ಕಂದಾಯದ ಕಛೇರಿ. ನಮಗೆ ಕೊಟ್ಟ ಕೋಣೆಯಲ್ಲಿ ದೊರೆ ಕೂರುತ್ತಿದ್ದನಂತೆ. ಅವನು ಹೋದ, ಅವನ ಮೇಜು ಉಳಿಯಿತು. ಎಂಟು ಜನ ಹೊರಬೇಕಾದ ಕಪ್ಪು ಮರದ ಮೇಜು, ಕಂಬದಂಥ ನಾಲ್ಕು ಕಾಲು. ನನ್ನ ವಿನ್ಯಾಸವೆಲ್ಲ ಅದರ ಸುತ್ತಲೇ ಹೆಣೆದದ್ದು: ಮೇಜು ನಡುವೆ, ಪುಸ್ತಕದ ಕಪಾಟುಗಳು ಮೆಟ್ಟಿಲಿನಂತೆ ಸುತ್ತಲೂ, ಆ ಕಾಲದಲ್ಲಿ ಜನ ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಡೆಗೆ ಕುರ್ಚಿಗಳು. ನಿಂತವರ ಮೊಮ್ಮಕ್ಕಳು ಕೂತು ಓದಲಿ. ಹೇಳುವಾಗ ಒಂದೇ ವಾಕ್ಯ, ಕಾಗದದ ಮೇಲೆ ಇಪ್ಪತ್ತೆರಡು ಹಾಳೆ.

ಅದರ ಜೊತೆ ನಾನು ಇನ್ನೊಂದು ಹಾಳೆಯನ್ನೂ ಕೊಟ್ಟಿದ್ದೆ, ಯಾರೂ ಕೇಳದಿದ್ದದ್ದು. ಸುರಕ್ಷತೆಯ ಪಟ್ಟಿ. ನಲವತ್ತೊಂದು ಅಂಶ. ಮಗಳು ಹಿಂದಿನ ತಿಂಗಳು ಮೇಜಿನ ಮೂಲೆಗೆ ಹಣೆ ಬಡಿದುಕೊಂಡಿದ್ದಳು, ಅಲ್ಲಿಂದ ಮುಂದೆ ನನಗೆ ಲೋಕವೆಲ್ಲ ಮೂಲೆಗಳಾಗಿಯೇ ಕಾಣುತ್ತಿತ್ತು. ಮೂಲೆಗಳು ದುಂಡಗಿರಬೇಕು, ತಂತಿ ಕೈಗೆ ಸಿಗಬಾರದು, ಕಪಾಟು ಗೋಡೆಗೆ ಕಚ್ಚಿರಬೇಕು. ಹದಿನೇಳನೆಯದು ಹೀಗಿತ್ತು: ಯಾವ ಮೇಜೂ ಅಲುಗಾಡತಕ್ಕದ್ದಲ್ಲ, ಅಲುಗಾಡುವ ಮೇಜು ಕೋಣೆಯಲ್ಲಿ ಇರತಕ್ಕದ್ದಲ್ಲ. ದೊಡ್ಡ ಮೇಡಂ ಪಟ್ಟಿಯನ್ನು ಓದಿ, ಇಷ್ಟು ಚೆನ್ನಾಗಿ ನನ್ನ ಸಿಬ್ಬಂದಿಯಲ್ಲಿ ಯಾರೂ ಬರೆಯೋದಿಲ್ಲ ಎಂದು ಲ್ಯಾಮಿನೇಟ್ ಮಾಡಿಸಿ ಬಾಗಿಲಿಗೆ ಅಂಟಿಸಿದರು. ಒಂದು ಪ್ರತಿ ಟ್ರಸ್ಟಿಗೆ, ಒಂದು ಪ್ರತಿ ಸುರಕ್ಷತಾ ಅಧಿಕಾರಿಗೆ. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ದೊರೆಯ ಮೇಜು ಅಲುಗಾಡುತ್ತಿತ್ತು. ಮೊಣಕೈ ಊರಿದರೆ 'ಟಕ್' ಎಂದು ಒಂದು ಕಡೆಗೆ ವಾಲುವುದು, ಎತ್ತಿದರೆ 'ಟಕ್' ಎಂದು ಮರಳುವುದು. ಅದಕ್ಕೇ ಮೇಸ್ತ್ರಿ ಬಂದಿದ್ದು.

ಅವರ ಬಡಗಿ ಕೆಲಸದ ಕೊಟ್ಟಿಗೆ ಗ್ರಂಥಾಲಯದ ಹಿತ್ತಲಲ್ಲೇ ಇದೆ, ಮನೆ ಅದಕ್ಕೆ ಅಂಟಿಕೊಂಡು. ವಯಸ್ಸು ಅರವತ್ತರ ಮೇಲೆ. ಪೆನ್ಸಿಲ್ ಮುಟ್ಟುವುದಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಉಳಿಯ ಬಾಯಿಯಂತೆ ಬೆಳೆಸಿಕೊಂಡಿದ್ದಾರೆ, ಅದರಲ್ಲೇ ಮರದ ಮೇಲೆ ಗೀಟು ಹಾಕಿ ಗರಗಸ ಇಡುತ್ತಾರೆ. ಪೆನ್ಸಿಲ್ ಗೀಟಿಗೆ ದಪ್ಪ ಇರತ್ತೆ, ಆ ದಪ್ಪದ ಯಾವ ಬದಿಗೆ ಕೊಯ್ಯಬೇಕು ಅಂತ ಯಾರು ಹೇಳ್ತಾರೆ ಎಂಬುದು ಅವರ ವಾದ. ಅವರು ಕೂರಿಸಿದ ಕಪಾಟುಗಳ ಸಂದಿಯಲ್ಲಿ ಕಾಗದದ ಚೂರು ತೂರುತ್ತಿರಲಿಲ್ಲ. ನಾನು ನನ್ನ ಸಮಾಧಾನಕ್ಕೆ ಪ್ರತಿಯೊಂದನ್ನೂ ಹಿಡಿದು ಜಗ್ಗಿ ನೋಡಿದೆ. ಅವರು ಸುಮ್ಮನೆ ನಿಂತು ನೋಡಿ, "ಮನೇಲಿ ಗೋಡೆನೂ ಹೀಗೇ ಜಗ್ಗಿ ನೋಡ್ತೀರಾ ತಾಯಿ?" ಎಂದು ಕೇಳಿದರು.

ಅಂಥ ಕೈ ಈ ಒಂದು ಮೇಜಿನ ಮುಂದೆ ಮಾತ್ರ ಸೋಲುತ್ತಿತ್ತು. ಮೊದಲ ಸಲ ಎರಡು ಗಂಟೆ ಅಡಿಯಲ್ಲಿ ಮಲಗಿ ಎದ್ದರು. "ಆಯ್ತು." ನಾನು ಮೊಣಕೈ ಊರಿದೆ. ಟಕ್. ಎರಡನೆಯ ಸಲ ಅರ್ಧ ದಿನ. ಟಕ್. ಮೂರನೆಯ ಸಲ ಮೇಜನ್ನು ಮಗುಚಿ ಹಾಕಿಸಿ ಒಂದು ಇಡೀ ದಿನ ಕೆಲಸ ಮಾಡಿದರು. ಆ ದಿನ ಕೆಳಗಿನ ಹಲಗೆಯಲ್ಲಿ ಸಾಲಾಗಿ ಉಗುರಿನ ಗೀಟುಗಳನ್ನು ನಾನು ನೋಡಿದೆ, ನಲವತ್ತರ ಮೇಲೆ ಇದ್ದವು. ಕೆಲವು ಮಾಸಿ ಹೋಗಿದ್ದವು. ಮೇಜು ಮತ್ತೆ ನಿಂತಾಗ ಟಕ್ ಎನ್ನಲಿಲ್ಲ. ಟಕ್ಕ್ ಎಂದಿತು, ಸ್ವಲ್ಪ ಜೋರಾಗಿ.

"ಹನ್ನೊಂದು ವರ್ಷದಿಂದ ಇವರನ್ನ ಕರೀತಾ ಇದೀನಿ" ಎಂದರು ದೊಡ್ಡ ಮೇಡಂ. "ವರ್ಷಕ್ಕೊಂದು ಸಲ. ಪ್ರತಿ ಸಲ ಟೀ ಕೊಟ್ಟಿದೀನಿ. ಶುಕ್ರವಾರ ಅಧಿಕಾರಿ ಬರ್ತಾರೆ. ಅಷ್ಟರೊಳಗೆ ನಿಂತರೆ ನಿಂತಿತು, ಇಲ್ಲದಿದ್ರೆ ನಿಮ್ಮ ಹದಿನೇಳನೇ ಅಂಶದ ಪ್ರಕಾರ ಗೋದಾಮಿಗೆ. ಅಲ್ಲಿ ಹೇಗೆ ಬೇಕಾದ್ರೂ ಅಲುಗಾಡಲಿ."

ಮೇಸ್ತ್ರಿ ಉಪಕರಣಗಳನ್ನು ಚೀಲಕ್ಕೆ ಹಾಕಿಕೊಂಡರು. ಆದರೆ ಅವರ ಮುಖದಿಂದ ರಕ್ತ ಇಳಿದದ್ದನ್ನು ನಾನು ನೋಡಿದೆ. ಕೆಲಸ ಕೆಟ್ಟವನ ಮುಖ ಹಾಗಿರುವುದಿಲ್ಲ. ಮನೆಯವರೊಬ್ಬರನ್ನು ಎಲ್ಲಿಗೋ ಕಳಿಸುತ್ತಿದ್ದೇವೆ ಎಂದು ಕೇಳಿದವರ ಮುಖ ಅದು.

ನನಗೆ ಆಗ ಇನ್ನೊಂದು ಚಿಂತೆಯೂ ಇತ್ತು. ಮಗಳನ್ನು ಆ ಕೋಣೆಯಲ್ಲಿ ಬಿಟ್ಟರೆ ಸಾಕು, ಎಲ್ಲಿಂದ ಹೊರಟರೂ ಎಡಗಡೆಯ ಕಿಟಕಿಯ ಮೂಲೆಗೇ ಹೋಗಿ ಸೇರುತ್ತಿದ್ದಳು. ಬಾಗಿಲಿನ ಕಡೆಗೆ ಹೊರಟವಳೂ ಓರೆಯಾಗಿ ಕಿಟಕಿಗೆ. ಕಾಲಿನಲ್ಲಿ ಏನೋ ದೋಷ ಇದೆ ಎಂದು ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳ ಡಾಕ್ಟರರಲ್ಲಿಗೆ ಓಡಿದೆ. ಅವರು ಕಾಲು, ಕಿವಿ, ಕಣ್ಣು ಎಲ್ಲ ನೋಡಿ, "ಮನೇಲೂ ಹೀಗೇ ಹೋಗ್ತಾಳಾ?" ಎಂದರು.

"ಇಲ್ಲ ಡಾಕ್ಟ್ರೆ, ಲೈಬ್ರರೀಲಿ ಮಾತ್ರ."

ಅವರು ಮಗುವನ್ನು ಬಿಟ್ಟು ನನ್ನನ್ನು ನೋಡಲು ಶುರುಮಾಡಿದರು. ಸರಿಯಾಗಿ ನಿದ್ದೆ ಮಾಡಿ ಎಂದು ಹೇಳಿ ಕಳಿಸಿದರು.

ಅಲ್ಲಿಂದ ಸೀದಾ ಮೇಜಿನ ವಿಚಾರ ಕೇಳಲು ಮೇಸ್ತ್ರಿಯ ಮನೆಗೆ ಹೋದೆ. ಸೋಮವಾರ ಮಧ್ಯಾಹ್ನ. ಮೇಸ್ತ್ರಿ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದರು, ಕೈಯಲ್ಲಿ ಕೆಲಸವಿಲ್ಲದೆ. ಅವರ ಹೆಂಡತಿ ನನ್ನ ಕೈಯಿಂದ ಮಗಳನ್ನು ಕಸಿದುಕೊಂಡು ಸೊಂಟಕ್ಕೆ ಏರಿಸಿದರು. ಆಕೆಗೆ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೇ ಮೇಸ್ತ್ರಿ ಮಾತಾಡುವುದು ಕಡಿಮೆ ಎಂದು ನನ್ನ ಊಹೆ.

"ನಿಜ ಹೇಳಿ ಮೇಸ್ತ್ರಿ" ಎಂದೆ. "ಅಷ್ಟು ಕಪಾಟು ಬಂಡೆ ಹಾಗೆ ಕೂರಿಸಿದೋರಿಗೆ ಒಂದು ಮೇಜಿನ ಕಾಲು ಸರಿ ಮಾಡೋಕೆ ಆಗಲ್ವಾ?"

"ಆಗಲ್ಲ ತಾಯಿ."

"ಆಗಲ್ಲ ಅಲ್ಲ, ಮಾಡಲ್ಲ" ಎಂದರು ಹೆಂಡತಿ.

"ನೀನು ಸುಮ್ನಿರು."

"ಮೂವತ್ತೆಂಟು ವರ್ಷ ಸುಮ್ನಿದ್ದೆ. ಶುಕ್ರವಾರ ಅದನ್ನ ಗೋದಾಮಿಗೆ ಹಾಕ್ತಾರೆ. ಆಮೇಲೆ ನೀವು ಗೋದಾಮಿನ ಬಾಗಿಲಲ್ಲಿ ಮಲ್ಕೋತೀರಿ, ನಾನು ಊಟ ಹೊತ್ಕೊಂಡು ಅಲ್ಲಿಗೆ ಬರ್ಬೇಕು. ಈ ಹುಡುಗೀಗೆ ಹೇಳಿಬಿಡ್ತೀನಿ." ಆಕೆ ನನ್ನ ಕಡೆ ತಿರುಗಿದರು. "ಇವರು ಅದನ್ನ ಸರಿ ಮಾಡೋಕೆ ಹೋಗೋದಲ್ಲಮ್ಮ. ಅಲುಗಾಡಿಸೋಕೆ ಹೋಗೋದು."

ನನಗೆ ಅರ್ಥವಾಗಲಿಲ್ಲ. ಆಗ ಆಕೆ ಕತೆ ಹೇಳಿದರು, ಮೇಸ್ತ್ರಿ ನಡುನಡುವೆ ತಿದ್ದಿದರು.

ಆ ಮೇಜನ್ನು ಮಾಡಿದ್ದು ಮೇಸ್ತ್ರಿಯ ತಾತ. ಕೊಟ್ಟಿಗೆಯ ಕಲ್ಲಿನ ಮೇಲೆ ಬೆಟ್ಟದ ಹಾಗೆ ನಿಂತ ಮೇಜು ದೊರೆಯ ಕೋಣೆಗೆ ಹೋದ ಕೂಡಲೇ ಅಲುಗಾಡಿತು. ತೆಗೆದುಕೊಂಡು ಹೋಗು, ಸರಿ ಮಾಡು ಎಂದ ದೊರೆ. ತಂದರೆ ಇಲ್ಲಿ ಗಟ್ಟಿ. ಒಯ್ದರೆ ಅಲ್ಲಿ ಟಕ್. ಏಳು ಸಲ ಹೊತ್ತರು, ಎಂಟು ಜನ ಸೇರಿ.

"ಏಳನೇ ಸಲ ತಾತ ಹೇಳಿದ್ರಂತೆ, ದೊರೆ, ಮೇಜು ಸರಿ ಇದೆ, ನೆಲ ಡೊಂಕು ಅಂತ" ಎಂದರು ಹೆಂಡತಿ. "ಪಕ್ಕದಲ್ಲಿ ಗುಮಾಸ್ತ ಒಬ್ಬ ಇದ್ದ. ನಮ್ಮೋನೇ. ಅವನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದ. ಅಂದಿದ್ದಲ್ಲದೆ ದೊರೆಗೆ ಅವನ ಭಾಷೇಲಿ ಬಿಡಿಸಿ ಬೇರೆ ಹೇಳಿದ. ದೊರೆ ನಕ್ಕ. ದೊರೆ ನಕ್ಕ ಅಂತ ಕಛೇರಿ ಪೂರ್ತಿ ನಕ್ತು."

"ಬಾಗಿಲು ಕಾಯೋನೂ ನಕ್ಕ" ಎಂದರು ಮೇಸ್ತ್ರಿ. ಅವರಿಗೆ ಅದು ನಿನ್ನೆ ನಡೆದ ಹಾಗಿತ್ತು.

"ಆ ನೆಲ ಹಾಕಿಸಿದ್ದು ನಮ್ಮ ಇಂಜಿನಿಯರು, ಅದು ಡೊಂಕಾಗೋಕೆ ಸಾಧ್ಯವೇ ಇಲ್ಲ ಅಂದನಂತೆ ದೊರೆ. ಸರಿ ಅಂತ ತಾತ ಅಲ್ಲೇ ಕೂತು, ಆ ಡೊಂಕು ನೆಲಕ್ಕೆ ತಕ್ಕ ಹಾಗೆ ನೆಟ್ಟಗಿದ್ದ ಕಾಲನ್ನ ಕೊಯ್ದು ಕೊಟ್ರು. ಮೇಜು ನಿಂತಿತು. ಮನೆಗೆ ಬಂದು ಊಟ ಮಾಡ್ಲಿಲ್ಲ. ಸರಿ ಇರೋ ಕಾಲು ಕೊಯ್ದೆ ಅಂತ. ಆವತ್ತು ಶಪಥ ಮಾಡಿ ಒಂದು ಮಾತು ಆಡಿದ್ರು. ಕಛೇರಿಯವರ ಬಾಯಲ್ಲಿ ನೆಲ ಡೊಂಕು ಅಂತ ಬರೋವರೆಗೂ ಈ ಮೇಜು ನಿಲ್ಲಬಾರದು."

ಎರಡು ತಿಂಗಳ ನಂತರ ಮೆರುಗು ಹಾಕಲು ಕರೆದರು. ತಾತ ಮರ ಉಜ್ಜುವ ಅರ ಹಿಡಿದು ಮೇಜಿನ ಅಡಿಗೆ ಹೋದರು. ಅಲ್ಲಿಂದ ಶುರು. ಕಛೇರಿಯವರು ಕರೆಯುವುದು, ಇವರು ಹೋಗುವುದು, ಮೂರು ಕಾಲು ಸರಿಮಾಡಿ ನಾಲ್ಕನೆಯದಕ್ಕೆ ಒಂದು ಕೂದಲಿನಷ್ಟು ಅರ ಹಾಕುವುದು. ಹೋಗಿ ಬಂದದ್ದಕ್ಕೆ ಅಡಿಯಲ್ಲಿ ಒಂದು ಉಗುರಿನ ಗೀಟು. ತಾತನ ನಂತರ ಅಪ್ಪ, ಅಪ್ಪನ ನಂತರ ಇವರು. ಗ್ರಂಥಾಲಯದ ಹಳೆಯ ದಾಖಲೆಯಲ್ಲಿ ಮೇಜಿನ ಎತ್ತರ ಮೂವತ್ತೊಂದು ಇಂಚು ಎಂದಿತ್ತು, ನಾನು ಅಳೆದಾಗ ಇಪ್ಪತ್ತೆಂಟೂವರೆ ಬಂದಿತ್ತು. ಬರೆದ ಗುಮಾಸ್ತನಿಗೆ ಅಳತೆ ಬರುತ್ತಿರಲಿಲ್ಲ ಎಂದುಕೊಂಡಿದ್ದೆ.

ಇನ್ನೊಂದೂ ಆಗ ಹೊಳೆಯಿತು. ನಾನೂರ ಹನ್ನೆರಡು ಪುಸ್ತಕಗಳಲ್ಲಿ ಒಂದರಲ್ಲಿ ಆ ದೊರೆಯ ಸಹಿಯ ಚಿತ್ರವಿದೆ. ಹಾವು ಹರಿದ ಹಾಗೆ. ಕೆಳಗೆ, ಈತನಿಗೆ ವಿಪರೀತ ಕುಡಿತವಿತ್ತು ಎಂದು ವಿದ್ವಾಂಸರೊಬ್ಬರು ಆರು ಪುಟ ಬರೆದಿದ್ದಾರೆ.

"ಆದ್ರೆ ಮೇಸ್ತ್ರಿ, ದೊರೆ ಹೋಗಿ ಎಷ್ಟೋ ಕಾಲ ಆಯ್ತು" ಎಂದೆ. "ನಮ್ಮವರೇ ಬಂದು ಕೂತಾಗ ನಿಲ್ಲಿಸಬಹುದಿತ್ತಲ್ಲ?"

"ನಮ್ಮಪ್ಪ ನಿಲ್ಲಿಸೋಣ ಅಂತಾನೇ ಹೋದ್ರು. ಹೊಸ ಸಾಹೇಬರಿಗೆ ಮರ್ಯಾದೆಯಿಂದ ಹೇಳಿದ್ರು, ಈ ನೆಲ ಸ್ವಲ್ಪ ನೋಡಿ ಅಂತ. ನೆಲಕ್ಕೇನಾಗಿದೆಯಪ್ಪ, ನಿನ್ನ ಮೇಜು ನೋಡ್ಕೋ ಅಂದ್ರು. ಅಪ್ಪ ಮನೆಗೆ ಬಂದು ಅರ ತಗೊಂಡು ವಾಪಸ್ ಹೋದ್ರು." ಮೇಸ್ತ್ರಿ ಉಗುರಿನಿಂದ ಹಲಗೆಯ ಮೇಲೆ ಸುಮ್ಮನೆ ಗೀಚಿದರು. "ಕೊನೇಲಿ ಹಾಸಿಗೆ ಹಿಡಿದಾಗ ಅಪ್ಪ ಮನೆ ವಿಚಾರ ಕೇಳ್ಲಿಲ್ಲ, ನಮ್ಮಮ್ಮನ ವಿಚಾರ ಕೇಳ್ಲಿಲ್ಲ. ಮೇಜು ಅಲುಗಾಡ್ತಿದೆಯಾ ಅಂದ್ರು. ಅಲುಗಾಡ್ತಿದೆ ಅಪ್ಪ ಅಂದೆ. ನೋಡ್ಕೋ ಅಂದ್ರು. ಈಗ ನಾನು ನಿಲ್ಲಿಸಿದ್ರೆ ಅವರಿಗೆ ಕೊಟ್ಟ ಮಾತು ಹೋಯ್ತು. ನಿಲ್ಲಿಸದಿದ್ರೆ ಮೇಜೇ ಹೋಯ್ತು. ಗೋದಾಮಿನಲ್ಲಿ ಗೆದ್ದಲು ಹತ್ತತ್ತೆ. ತಾತನ ಕೈಯಿಂದ ಉಳಿದಿರೋದು ಅದೊಂದೇ ತಾಯಿ."

ಆ ಹದಿನೇಳನೆಯ ಅಂಶ ನನ್ನದು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಒಂದು ಬಗೆ, ಇನ್ನೊಬ್ಬರ ತಾತನನ್ನು ಬೀಳಿಸುವುದು ಇನ್ನೊಂದು ಬಗೆ.

"ನೆಲ ನಿಜವಾಗಿ ಡೊಂಕಿದೆಯಾ? ಅಳೆದು ನೋಡಿದ್ದೀರಾ?"

"ಇಲ್ಲ."

"ಮೂರು ತಲೆಮಾರಲ್ಲಿ ಒಬ್ಬರೂ?"

"ತಾತ ಹೇಳಿದ ಮೇಲೆ ಅಳೆಯೋದು ಅವರಿಗೆ ಅವಮರ್ಯಾದೆ ಅಲ್ವಾ."

ಹೆಂಡತಿ ನನ್ನ ಮಗಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಇಂಥ ಗಂಡಸರ ಮನೆ ಸೇರಬೇಡ ಕಂದ" ಎಂದರು.

ನಾನು ರಸಮಟ್ಟ ತೆಗೆದುಕೊಂಡು ಕೋಣೆಗೆ ಓಡಿದೆ. ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಇರುವ ಪಟ್ಟಿ ಅದು, ಗುಳ್ಳೆ ನಡುವೆ ನಿಂತರೆ ನೆಲ ಸಮ. ಮೇಜಿನ ಪಕ್ಕ ನೆಲದ ಮೇಲಿಟ್ಟೆ. ಗುಳ್ಳೆ ಬೆಂಕಿ ಬಿದ್ದ ಹಾಗೆ ಬಾಗಿಲಿನ ಕಡೆಗೆ ಓಡಿ ಕೊನೆಗೆ ಅಂಟಿಕೊಂಡಿತು. ಗುಳ್ಳೆ ಏರುವುದು ಎತ್ತರದ ಕಡೆಗೆ. ನಾಲ್ಕು ಕಾಲಿನ ಬಳಿ ತಗ್ಗು ನಾಲ್ಕು ಬಗೆ, ಆದರೆ ಎಲ್ಲವೂ ಕಿಟಕಿಯ ಕಡೆಗೆ. ಎಡಗಡೆಯ ಕಿಟಕಿ. ನಾನು ಅಲ್ಲೇ ನೆಲದ ಮೇಲೆ ಕೂತು ಮಗಳ ಕಾಲುಗಳನ್ನು ನೆನೆದು ಒಬ್ಬಳೇ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ.

ದೊಡ್ಡ ಮೇಡಂ ಮಾತ್ರ ಜಗ್ಗಲಿಲ್ಲ. ಅವರ ಕಟ್ಟಡದ ಪರಿಚಯ ಪತ್ರದಲ್ಲಿ 'ನೂರು ವರ್ಷ ದಾಟಿದರೂ ಕನ್ನಡಿಯಂತೆ ಸಮವಾಗಿರುವ ನೆಲ' ಎಂದು ಅಚ್ಚಾಗಿತ್ತು. ಬರೆದವರು ಅವರೇ.

"ನಿಮ್ಮ ಪಟ್ಟಿ ಡೊಂಕಿರಬೇಕು" ಎಂದರು.

"ರಸಮಟ್ಟ ಡೊಂಕಾಗೋದಿಲ್ಲ ಮೇಡಂ."

"ನೆಲ ಆಗತ್ತಾ? ನೋಡಿ, ನೀವೇ ಬರೆದಿದೀರಿ, ಮೇಜು ಅಲುಗಾಡಬಾರದು ಅಂತ. ನೆಲದ ಬಗ್ಗೆ ನಲವತ್ತೊಂದರಲ್ಲಿ ಒಂದು ಮಾತಿಲ್ಲ. ಶುಕ್ರವಾರ ನೋಡೋಣ."

ಹದಿನೇಳನ್ನು ಹೊಡೆದುಹಾಕಿ ಎಂದು ಬೇಡಿಕೊಂಡೆ. ಲ್ಯಾಮಿನೇಟ್ ಆಗಿದೆ ಎಂದರು, ಕಲ್ಲಿನಲ್ಲಿ ಕೆತ್ತಿದ್ದೇವೆ ಎನ್ನುವ ಧ್ವನಿಯಲ್ಲಿ.

ಶುಕ್ರವಾರ ಹನ್ನೊಂದಕ್ಕೆ ಸುರಕ್ಷತಾ ಅಧಿಕಾರಿ ಬಂದರು. ದಪ್ಪನೆಯ, ಸಮಾಧಾನದ ಮನುಷ್ಯ, ಕೈಯಲ್ಲಿ ನನ್ನದೇ ಪಟ್ಟಿ. ಒಂದರಿಂದ ಹದಿನಾರರವರೆಗೆ ಸರಸರ ಗುರುತು ಹಾಕಿದರು. ಮೇಸ್ತ್ರಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು, ಹೆಂಡತಿ ಅವರ ಹಿಂದೆ ನನ್ನ ಮಗಳೊಡನೆ. ಅಧಿಕಾರಿ ಮೇಜಿನ ಮೇಲೆ ಮೊಣಕೈ ಊರಿದರು.

ಟಕ್ಕ್.

"ಓಹೋ" ಎಂದರು ಅವರು.

"ಗೋದಾಮಿಗೆ" ಎಂದರು ದೊಡ್ಡ ಮೇಡಂ.

"ನೆಲ ಡೊಂಕಿದೆ ಸಾರ್" ಎಂದು ನಾನು ರಸಮಟ್ಟ ಮುಂದೆ ಹಿಡಿದೆ. ದೊಡ್ಡ ಮೇಡಂ ಪರಿಚಯ ಪತ್ರ ಮುಂದೆ ಹಿಡಿದರು. ಅಧಿಕಾರಿ ಎರಡನ್ನೂ ನೋಡಿ ಯಾವುದನ್ನು ನಂಬಬೇಕೆಂದು ತಿಳಿಯದೆ ನಿಂತಾಗ ಮಗಳು ಹೆಂಡತಿಯ ಸೊಂಟದಿಂದ ಜಾರಿ ಕೆಳಗಿಳಿದಳು. ಕೈಯಲ್ಲಿದ್ದ ರಬ್ಬರಿನ ಚೆಂಡು ಬಿತ್ತು. ಚೆಂಡು ನಿಂತಲ್ಲಿ ಒಂದು ಗಳಿಗೆ ಯೋಚಿಸಿ, ನಿಧಾನವಾಗಿ ಹೊರಟು, ದೊಡ್ಡ ಮೇಡಂ ಅವರ ಚಪ್ಪಲಿಯನ್ನು ಸವರಿಕೊಂಡು, ಮೇಜಿನ ಅಡಿಯಲ್ಲಿ ತೂರಿ, ಎಡಗಡೆ ಕಿಟಕಿಯ ಮೂಲೆಗೆ ಹೋಗಿ ನಿಂತಿತು. ಹಿಂದೆಯೇ ಮಗಳು, ಓರೆಯಾಗಿ. ಅಧಿಕಾರಿ ಚೆಂಡನ್ನು ತರಿಸಿ ಇನ್ನೊಂದು ಕಡೆಯಿಂದ ತಾವೇ ಬಿಟ್ಟರು. ಮತ್ತೆ ಕಿಟಕಿ. ಮೂರನೆಯ ಸಲ ಅವರಿಗೆ ಆಟ ಹಿಡಿಸಿದಂತೆ ಕಂಡಿತು.

"ನೆಲ ಡೊಂಕು" ಎಂದರು. "ಮೇಜು ಸರಿ ಇದೆ ಅಂತ ಬರೀತೀನಿ."

ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು.

"ಮೇಜೂ ಸರಿ ಇಲ್ಲ ಸಾರ್. ನಾಲ್ಕನೇ ಕಾಲು ಗಿಡ್ಡ. ಅದು ನಮ್ಮ ಮನೆತನದ ಕೆಲಸ."

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡರು. ಮೇಸ್ತ್ರಿ ಎಲ್ಲವನ್ನೂ ಹೇಳಿದರು, ತಾತ, ಗುಮಾಸ್ತ, ಅರ, ಗೀಟು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ದೊಡ್ಡ ಮೇಡಂ ಬಾಯಿ ಬಿಟ್ಟುಕೊಂಡು ಕೇಳಿದರು.

"ಹಾಗಾದ್ರೆ ಹನ್ನೊಂದು ವರ್ಷ ನೀವು ಇಲ್ಲಿಗೆ ಬಂದಿದ್ದು..."

"ಹೌದು ಮೇಡಂ."

"ನಾನು ಟೀ ಕೊಡ್ತಿದ್ದೆ."

"ಚೆನ್ನಾಗಿರ್ತಿತ್ತು ಮೇಡಂ."

"ಈಗ ಒಂದು ಸಲ ಸರಿಯಾಗಿ ಮಾಡಿಕೊಡಿ, ಮುಗೀತಲ್ಲ" ಎಂದರು ಅಧಿಕಾರಿ. "ನೆಲ ಡೊಂಕು ಅಂತ ನಾನೇ ಹೇಳಿದೆನಲ್ಲ."

ಮೇಸ್ತ್ರಿ ತಲೆಯಾಡಿಸಿದರು. "ನೀವು ಹೊರಗಿನೋರು ಸಾರ್. ಈ ಕಛೇರಿಯವರು ಹೇಳ್ಬೇಕು. ಹಾಗಂತ ಮಾತು."

ಎಲ್ಲರೂ ದೊಡ್ಡ ಮೇಡಂ ಕಡೆ ನೋಡಿದೆವು. ಅವರು ಕಿಟಕಿಯ ಕಡೆ ನೋಡಿದರು. ಕೈಯಲ್ಲಿದ್ದ ಪರಿಚಯ ಪತ್ರವನ್ನು ಮಡಿಸಿದರು, ಬಿಡಿಸಿದರು. ಸಾವಿರ ಪ್ರತಿ ಅಚ್ಚಾಗಿದೆ ಎಂದು ನನಗೂ ಗೊತ್ತಿತ್ತು. ಆ ಗಳಿಗೆ ನನಗೆ ಅವರ ಮೇಲೂ ಮರುಕ ಹುಟ್ಟಿತು. ನೂರು ವರ್ಷ ಯಾರೂ ಹೇಳದ್ದನ್ನು ಇವರೊಬ್ಬರ ಬಾಯಲ್ಲಿ ಹೇಳಿಸುತ್ತಿದ್ದೆವು, ಅದೂ ಶುಕ್ರವಾರ, ಊಟಕ್ಕೆ ಮುಂಚೆ.

"ನೆಲ ಸ್ವಲ್ಪ ಡೊಂಕು" ಎಂದರು.

"ಸ್ವಲ್ಪ ಬೇಡ ಮೇಡಂ" ಎಂದರು ಮೇಸ್ತ್ರಿ. ಕೇಳಿದ ರೀತಿ ಎಷ್ಟು ವಿನಯವಾಗಿತ್ತೆಂದರೆ, ಇನ್ನೊಂದು ಲೋಟ ನೀರು ಕೇಳಿದ ಹಾಗೆ.

"ನೆಲ ಡೊಂಕು."

"ತಾತ ಹೇಳಿದ್ದು ಸರಿ ಅಂತಲೂ..."

"ನಿಮ್ಮ ತಾತ ಹೇಳಿದ್ದು ಸರಿ. ಮೇಜು ಸರಿ ಇತ್ತು. ನೆಲ ಡೊಂಕಿತ್ತು. ಈಗಲೂ ಡೊಂಕಿದೆ. ಕಾಗದದ ಮೇಲೆ ಬೇಕಾ?"

"ಬೇಡ ಮೇಡಂ. ಬಾಯಲ್ಲಿ ಅಂತಲೇ ಮಾತು."

ಮೇಸ್ತ್ರಿ ಅಲ್ಲೇ ಕೂತು, ಮಲಗಿ, ಮೇಜಿನ ಅಡಿಗೆ ಹೋದರು. ಬಹಳ ಹೊತ್ತು ಅಲ್ಲಿಂದ ಕೆಲಸದ ಸದ್ದೇನೂ ಬರಲಿಲ್ಲ. ನಮಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಹೆಂಡತಿ ಬಗ್ಗಿ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗಾದರು.

ಅಧಿಕಾರಿ ಹತ್ತು ದಿನ ಗಡುವು ಕೊಟ್ಟರು. ಗಾರೆಯವರು ಬಂದು ಕಲ್ಲುಗಳನ್ನು ಎಬ್ಬಿಸಿ, ಗುಳ್ಳೆ ನಡುವೆ ನಿಲ್ಲುವ ಹಾಗೆ ಮತ್ತೆ ಕೂರಿಸಿದರು. ಮೇಸ್ತ್ರಿ ಮೇಜನ್ನು ಕೊಟ್ಟಿಗೆಯ ಕಲ್ಲಿನ ಮೇಲೆ ನಿಲ್ಲಿಸಿಕೊಂಡು ನಾಲ್ಕೂ ಕಾಲನ್ನು ಸಮ ಮಾಡಿದರು. ಅದಕ್ಕೆ ಅವರಿಗೆ ಮೂರು ದಿನ ಹಿಡಿಯಿತು. ಮೂರು ಕಾಲು ಒಂದೇ ಬೆಳಗ್ಗೆ ಆಯಿತು. ನಾಲ್ಕನೆಯದರ ಹತ್ತಿರ ಬಂದರೆ ಕೈ ತಾನಾಗಿ ಒಂದು ಕೂದಲು ಹೆಚ್ಚು ಉಜ್ಜಿಬಿಡುತ್ತಿತ್ತು. ಮತ್ತೆ ಮೂರನ್ನೂ ಇಳಿಸಬೇಕು. ಇಪ್ಪತ್ತೆಂಟೂವರೆ ಇದ್ದದ್ದು ಇಪ್ಪತ್ತೇಳಾಯಿತು. ನನ್ನ ಕುರ್ಚಿಗಳನ್ನೆಲ್ಲ ಒಂದೂವರೆ ಇಂಚು ತಗ್ಗಿಸಿದೆ, ದೀಪಗಳ ತಂತಿ ಉದ್ದ ಮಾಡಿದೆ, ಇಪ್ಪತ್ತೆರಡು ಹಾಳೆಗಳಲ್ಲಿ ಹದಿನಾಲ್ಕನ್ನು ಮತ್ತೆ ಬರೆದೆ. ಬೈದುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೇಜು ಒಳಗೆ ಬಂದ ದಿನ ಮೊದಲು ದೊಡ್ಡ ಮೇಡಂ ಮೊಣಕೈ ಊರಿದರು. ಸದ್ದಿಲ್ಲ. ನಾನು ಊರಿದೆ. ಎರಡೂ ಕೈ ಊರಿ ಜಗ್ಗಿದೆ. ಸದ್ದಿಲ್ಲ. ಮೇಸ್ತ್ರಿಯನ್ನು ಕರೆದೆವು. ಅವರು ಬಂದು ಅಂಗೈ ಇಟ್ಟು, ಒತ್ತಿ, ಕಾದರು. ಮುಖ ಪೆಚ್ಚಾಯಿತು.

"ಏನೋ ಬಿಕೋ ಅನ್ನತ್ತೆ ತಾಯಿ" ಎಂದರು.

ಓದುವವರು ಬರತೊಡಗಿದರು. ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಡೆಯ ಕುರ್ಚಿಗಳೇ ಮೊದಲು ತುಂಬುತ್ತವೆ, ಯಾಕೋ ದೊರೆಯ ಕಡೆಗೆ ಕೂರಲು ಜನಕ್ಕೆ ಈಗಲೂ ಮುಜುಗರ. ಮೇಸ್ತ್ರಿ ದಿನಕ್ಕೊಂದು ಸಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ಒಳಗೆ ಕರೆದರೆ ಬರುವುದಿಲ್ಲ, ಕೆಲಸ ಇದೆ ಎನ್ನುತ್ತಾರೆ. ಕೆಲಸ ಇಲ್ಲ ಎಂದು ಹೆಂಡತಿ ಹೇಳುತ್ತಾರೆ.

ಕಳೆದ ವಾರ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಊಟದ ಮೇಜಿನ ಮುಂದೆ ಕೂರಿಸಿ ಟೀ ಕೊಟ್ಟರು. ನಾನು ಲೋಟ ಇಟ್ಟ ಕೂಡಲೇ ಮೇಜು ವಾಲಿ ಟೀ ತಟ್ಟೆಗೆ ಚೆಲ್ಲಿತು. ನಾನು ಮಗಳನ್ನು ಎತ್ತಿಕೊಂಡು ಹಿಂದೆ ಸರಿದೆ.

"ನಾಲ್ಕು ವರ್ಷದಿಂದ ಹೀಗೇ" ಎಂದರು ಹೆಂಡತಿ. "ಊರ ಮೇಜೆಲ್ಲ ನೋಡಿದ್ದಾಯ್ತು. ಈಗಾದ್ರೂ ಇದನ್ನ ನೋಡಿ."

ಮೇಸ್ತ್ರಿ ಬಗ್ಗಿ ಕಾಲುಗಳನ್ನು ನೋಡಿದರು, ಉಗುರಿನಿಂದ ಒಂದೆರಡು ಕಡೆ ತಟ್ಟಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

"ಮೇಜು ಸರಿ ಇದೆ" ಎಂದರು. "ನೆಲ..."

"ಈ ನೆಲ ಹಾಕಿದ್ದು ನಮ್ಮಪ್ಪ" ಎಂದರು ಹೆಂಡತಿ.

ಮೇಸ್ತ್ರಿ ಎದ್ದು, ಕೊಟ್ಟಿಗೆಗೆ ಹೋಗಿ ಅರ ತೆಗೆದುಕೊಂಡು ಬಂದರು.